ಕಚೇರಿ ನಮ್ಮ ಬೀದಿಗೆ ಬಂದ ದಿನ

ನನ್ನ ಕಾಲು ನಡೆಯುವುದಿಲ್ಲ, ನಮ್ಮೂರಿನ ಉದ್ಯೋಗ ಕಚೇರಿ ನಡೆಯುತ್ತದೆ. ಹಂಚುವಾಗ ದೇವರಿಗೆ ಎಲ್ಲೋ ಕೈತಪ್ಪಿರಬೇಕು ಎಂದು ಅವ್ವ ಹೇಳುತ್ತಾಳೆ. ಸಂಜೆ ಬಾಗಿಲು ಹಾಕಿಕೊಂಡ ಕಚೇರಿ ಬೆಳಗಾಗುವಷ್ಟರಲ್ಲಿ ಬೇರೆಲ್ಲೋ ಕೂತಿರುತ್ತದೆ. ಇವತ್ತು ಸಂತೆಮಾಳದಲ್ಲಿದ್ದರೆ ನಾಳೆ ಹೈಸ್ಕೂಲಿನ ಹಿಂದೆ, ನಾಡಿದ್ದು ಕೆರೆ ಏರಿಯ ಮೇಲೆ. ಕತ್ತಲಲ್ಲಿ ಹೊರಟು, ಮೊದಲ ಕಾಗೆ ಕೂಗುವಾಗ ಎಲ್ಲಿರುತ್ತದೋ ಅಲ್ಲೇ ಕುಕ್ಕರಿಸಿಬಿಡುತ್ತದೆ. ಹಂಚಿನ ಮಾಡು, ಹಳದಿ ಗೋಡೆ, ಮುಂದಿನ ಕಲ್ಲಿನ ಮೆಟ್ಟಿಲು, ಬಾಗಿಲ ಮೇಲಿನ ‘ಎಲ್ಲರಿಗೂ ಸಮಾನ ಅವಕಾಶ’ ಎಂಬ ಬೋರ್ಡು, ಎಲ್ಲವನ್ನೂ ಹೊತ್ತುಕೊಂಡೇ ಹೋಗುತ್ತದೆ.

ಇದರಲ್ಲಿ ನಮ್ಮೂರಿನವರಿಗೆ ಆಶ್ಚರ್ಯವೇನೂ ಇಲ್ಲ. ಬೇರೆ ಕಡೆ ಬೆಳಗೆದ್ದು ‘ಕಾಫಿ ಆಯ್ತಾ’ ಎಂದು ಕೇಳುವ ಹಾಗೆ ನಮ್ಮಲ್ಲಿ ‘ಕಚೇರಿ ಎಲ್ಲಂತೆ’ ಎಂದು ಕೇಳುತ್ತಾರೆ. ಟೀ ಅಂಗಡಿಯ ಪುಟ್ಟಮಾದ ಅಂಗಡಿಗೇ ಗಾಲಿ ಹಾಕಿಸಿಕೊಂಡು ಅದರ ಹಿಂದೆ ಹಿಂದೆ ತಿರುಗುತ್ತಾನೆ. ಜೆರಾಕ್ಸ್ ಅಂಗಡಿಯವನು ಮಾತ್ರ ದಿನಕ್ಕೊಂದು ಕಡೆ ಕರೆಂಟಿನ ವೈರು ಎಳೆಯಲಾರದೆ ಊರು ಬಿಟ್ಟ. ಖಾಲಿ ಸೈಟು ಇರುವವರು ಕಚೇರಿ ಬಂದು ಕೂತೀತೆಂದು ಸುತ್ತ ಮುಳ್ಳು ಹಾಕಿರುತ್ತಾರೆ. ಕಚೇರಿಯ ಜವಾನ ದಿನಾ ಹುಡುಕುವ ರಗಳೆಯೇ ಬೇಡವೆಂದು ಒಳಗಿನ ಬೆಂಚಿನ ಮೇಲೆ ಮಲಗುತ್ತಾನೆ, ಅವನ ಹೆಂಡತಿ ತನ್ನ ಗಂಡ ರಾತ್ರಿಯೆಲ್ಲ ಊರು ತಿರುಗುತ್ತಾನೆಂದು ಕಂಡವರೆದುರು ಹೇಳಿಕೊಂಡು ನಗುತ್ತಾಳೆ. ಒಂದು ಸಲ ಕಚೇರಿ ಕೆರೆಯ ನಡುವಿನ ದಿಬ್ಬದ ಮೇಲೆ ಕೂತುಬಿಟ್ಟಿತ್ತು. ಆ ದಿನ ಈಜು ಬಂದವರಿಗೆಲ್ಲ ಕೆಲಸವಾಯಿತು. ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಕೇಳಿದರೆ ತಲೆ ಕೆರೆದುಕೊಳ್ಳುವ ಆಸಾಮಿ ಆ ದಿನ ಈಜಿಕೊಂಡು ಹೋದವನೇ.

ಮೆಟ್ಟಿಲ ಪಕ್ಕ ಒಂದು ಇಳಿಜಾರು ಹಲಗೆಯಾದರೂ ಹಾಕಿಸಿ, ನನ್ನ ಮಗಳು ತಾನೇ ಬರುತ್ತಾಳೆ ಎಂದು ಅವ್ವ ಒಮ್ಮೆ ಅಲ್ಲಿನ ದೊಡ್ಡ ಸಾಹೇಬರನ್ನು ಕೇಳಿದ್ದಳು. ಅವರು ಕೆಟ್ಟವರಲ್ಲ. ಅವ್ವನನ್ನು ಕೂರಿಸಿ ನೀರು ಕೊಡಿಸಿ ಸಮಾಧಾನವಾಗಿಯೇ ಹೇಳಿದರಂತೆ: ನಾಳೆ ಎಲ್ಲಿ ಕೂತಿರುತ್ತೇವೋ ನಮಗೇ ಗೊತ್ತಿಲ್ಲ, ಯಾವ ನೆಲದ ಅಳತೆಗೆ ಹಲಗೆ ಕೊಯ್ಯಿಸೋಣ? ಅಲ್ಲದೆ ಕಚೇರಿ ದಿನಕ್ಕೊಂದು ಕಡೆ ಇರುವುದರಿಂದ ಒಟ್ಟು ಲೆಕ್ಕ ಹಾಕಿದರೆ ಊರಿನ ಎಲ್ಲರಿಗೂ ಒಂದೇ ದೂರ ಬೀಳುತ್ತದೆ, ಇದಕ್ಕಿಂತ ಸಮಾನತೆ ಇನ್ನೇನು ಬೇಕು? ಅವ್ವ ಬಂದು ಇದನ್ನು ಹೇಳಿದಾಗ ಮೊದಲು ನನಗೆ ನಗು ಬಂತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಹೋಗಿಲ್ಲ.

ನನ್ನ ಹೆಸರು ಚಂದ್ರಮತಿ. ನಾವಿರುವುದು ಹಗ್ಗದ ಬೀದಿಯಲ್ಲಿ. ತೆವಳುವ ವಯಸ್ಸಿನಲ್ಲಿ ಒಂದು ಜ್ವರ ಬಂದು, ಹೋಗುವಾಗ ನನ್ನ ಎರಡು ಕಾಲನ್ನೂ ತೆಗೆದುಕೊಂಡು ಹೋಯಿತು. ಅಪ್ಪ ಇದ್ದಾಗ ಒಂದು ಹಲಗೆಗೆ ನಾಲ್ಕು ಬೇರಿಂಗ್ ಹಾಕಿಸಿಕೊಟ್ಟಿದ್ದ. ಅದರ ಮೇಲೆ ಕೂತು ಎರಡು ಕೈಯಲ್ಲಿ ನೆಲ ನೂಕುತ್ತ ಹೊರಟರೆ ಬೀದಿಯ ನಾಯಿಗಳೂ ನನಗೆ ದಾರಿ ಬಿಡುತ್ತವೆ. ನೆಲ ಮಟ್ಟವಾಗಿರುವಷ್ಟು ದೂರ ನಾನು ಯಾರಿಗೂ ಕಮ್ಮಿಯಿಲ್ಲ. ಗೇಣುದ್ದದ ಒಂದು ಮೆಟ್ಟಿಲು ಎದುರಾಯಿತೋ, ಅಲ್ಲಿಗೆ ನನ್ನ ಊರು ಮುಗಿಯುತ್ತದೆ.

ಕಾಲು ಹೋದರೂ ಗಂಟಲು ಉಳಿದಿತ್ತು. ನಮ್ಮ ಬೀದಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಕಾಲದಲ್ಲಿ ಒಂದು ತುದಿಗೆ ಕೂತು ರಾಟೆ ತಿರುಗಿಸುವವಳು ನಾನು. ನಾರು ಬಿಡುತ್ತ ಹಿಂದಕ್ಕೆ ನಡೆಯುವವರು ಬೀದಿಯ ಆ ತುದಿಯಲ್ಲಿರುತ್ತಿದ್ದರು. ಬಿಗಿ, ಸಡಿಲು, ನಿಲ್ಲು ಎಂದು ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳಬೇಕು. ಕೂಗಿ ಕೂಗಿ ನನ್ನ ಗಂಟಲು ಪಳಗಿತು. ಆಮೇಲೆ ನೈಲಾನ್ ಹಗ್ಗ ಬಂತು, ರಾಟೆಗಳು ಅಟ್ಟ ಸೇರಿದವು, ಗಂಟಲು ಮಾತ್ರ ನನ್ನ ಹತ್ತಿರವೇ ಉಳಿಯಿತು.

ಕಚೇರಿಯಲ್ಲಿ ಕೆಲಸ ಕೊಡುವ ಪದ್ಧತಿ ಹೀಗಿದೆ. ತಿಂಗಳ ಮೊದಲ ಸೋಮವಾರ ಕೂಗು. ಗುಮಾಸ್ತರು ಬಾಗಿಲಲ್ಲಿ ನಿಂತು ಸರದಿಯಲ್ಲಿರುವವರ ಹೆಸರನ್ನು ಮೂರು ಸಲ ಕೂಗುತ್ತಾರೆ. ಹೆಸರಿನವರು ಕಚೇರಿಯ ಹೊಸ್ತಿಲೊಳಗಿಂದ ‘ಓ’ ಅನ್ನಬೇಕು. ಅಂದರೆ ಕೆಲಸ ಅವರದು, ಇಲ್ಲದಿದ್ದರೆ ಮುಂದಿನ ಹೆಸರು. ಟೆಲಿಫೋನ್ ಕೆಲಸಕ್ಕೆ ನನ್ನ ಹೆಸರು ಮೊದಲ ಸಲ ಕೂಗಿದಾಗ ಕಚೇರಿ ಮೈದಾನದಲ್ಲಿತ್ತು. ನಾನು ಬೆಳಿಗ್ಗೆಯೇ ಹಲಗೆ ನೂಕಿಕೊಂಡು ಹೋಗಿ ಮೆಟ್ಟಿಲ ಬುಡದಲ್ಲಿ ಕೂತಿದ್ದೆ. ಜನ ನನ್ನನ್ನು ದಾಟಿಕೊಂಡು ಹತ್ತುತ್ತಿದ್ದರು. ಹೆಸರು ಕೂಗಿದ ಕೂಡಲೇ ನಾನು ಕೆಳಗಿನಿಂದ ‘ಓ’ ಎಂದೆ. ಆ ಓ ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ. ಗುಮಾಸ್ತರಿಗೂ ಕೇಳಿತು, ನನ್ನ ಕಡೆ ನೋಡಿದರು ಕೂಡ. ಮೂರು ಸಲ ಕೂಗಿದರು, ಮೂರು ಸಲವೂ ನಾನು ಓ ಎಂದೆ. ಹೊಸ್ತಿಲಾಚೆಯ ಓ ಲೆಕ್ಕಕ್ಕಿಲ್ಲ. ಅವರು ತಲೆ ತಗ್ಗಿಸಿ ಮುಂದಿನ ಹೆಸರು ಕೂಗಿದರು.

ಅದನ್ನು ನೋಡಿದವನು ನಮ್ಮ ಬೀದಿಯ ಸೌದೆ ಡಿಪೋದ ಉಗ್ರಪ್ಪ. ಹೆಸರು ಉಗ್ರಪ್ಪ, ಮನಸ್ಸು ಬೆಣ್ಣೆ. ಅಲ್ಲೇ ಮೈದಾನದಲ್ಲಿ ನಿಂತು ಮಗುವಿನ ಹಾಗೆ ಅತ್ತುಬಿಟ್ಟ. ಮರುದಿನವೇ ಬೀದಿಯ ಗಂಡಸರನ್ನು ಸೇರಿಸಿ, ಇನ್ನು ಮೇಲೆ ಕೂಗಿನ ದಿನ ಚಂದ್ರವ್ವನನ್ನು ನಾವೇ ಹೊತ್ತುಕೊಂಡು ಹೋಗಿ ಹೊಸ್ತಿಲು ದಾಟಿಸುತ್ತೇವೆ ಎಂದು ಹೇಳಿದ. ಒಂದು ಮರದ ಕುರ್ಚಿಗೆ ಎರಡು ಬಿದಿರು ಕಟ್ಟಿದರು. ನಮ್ಮ ಬೀದಿಯಲ್ಲಿ ಹಗ್ಗಕ್ಕೇನು ಬರ? ಮುಂದೆ ಉಗ್ರಪ್ಪ ಮತ್ತು ಟೈಲರ್ ಖಾಸಿಂ ಸಾಬರು, ಹಿಂದೆ ಇಟ್ಟಿಗೆ ಹೊರುವ ಕೆಲಸದ ಅಣ್ಣತಮ್ಮಂದಿರಿಬ್ಬರು. ಮೆಟ್ಟಿಲಿದ್ದರೆ ಮೆಟ್ಟಿಲು, ಗುಡ್ಡವಿದ್ದರೆ ಗುಡ್ಡ, ಅವರು ನನ್ನನ್ನು ಹತ್ತಿಸುತ್ತಿದ್ದರು. ಅವರು ಒಂದು ದಿನವೂ ಬೇಸರ ತೋರಿಸಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಎಷ್ಟೋ ಸಲ ಕಚೇರಿ ತೀರಾ ದೂರದಲ್ಲಿರುತ್ತಿತ್ತು, ತಲುಪುವಷ್ಟರಲ್ಲಿ ಬಾಗಿಲು ಹಾಕಿರುತ್ತಿದ್ದರು. ಎಷ್ಟೋ ಸಲ ತಲುಪಿ ಒಳಗೆ ಕೂತಿದ್ದರೂ ಕೂತು ಮಾಡುವ ಕೆಲಸ ಒಂದೂ ಬಂದಿರುತ್ತಿರಲಿಲ್ಲ.

ಇನ್ನು ನಮ್ಮೂರಿನ ಉಪಚಾರದ ವಿಷಯ ಹೇಳಬೇಕು. ನಮ್ಮಲ್ಲಿ ಎಲೆ ಮುಂದೆ ಕೂತವರು ಬೇಡ ಎಂದರೆ ಇನ್ನೊಂದು ಸೌಟು ಬಡಿಸಬೇಕು. ಬೇಡ ಅಂದವರಿಗೆ ಬಡಿಸದಿದ್ದರೆ ಅವಮಾನ, ಒಂದೇ ಸಲಕ್ಕೆ ಬೇಕು ಅಂದವರು ಗತಿಗೆಟ್ಟವರು. ಎಲೆಯ ಮೇಲೆ ಅಡ್ಡ ಮಲಗಿದರೆ ಮಾತ್ರ ನಿಜವಾಗಿ ಸಾಕಾಗಿದೆ ಎಂದು ಲೆಕ್ಕ. ನಾನೂ ಇದೇ ಊರಿನ ಹೆಣ್ಣು. ಕುರ್ಚಿ ಹೊತ್ತು ಬಂದ ಮೊದಲ ದಿನವೇ ‘ಬ್ಯಾಡ ಉಗ್ರಣ್ಣ, ನಿಮಗ್ಯಾಕೆ ತೊಂದ್ರೆ’ ಎಂದಿದ್ದೆ. ಅವರು ನಕ್ಕು ನನ್ನನ್ನು ಎತ್ತಿ ಕೂರಿಸಿದ್ದರು. ಆಮೇಲೆ ಅದೊಂದು ಪದ್ಧತಿಯೇ ಆಯಿತು. ನಾನು ಬೇಡ ಅನ್ನುವುದು, ಅವರು ನಗುವುದು, ಎತ್ತುವುದು. ಆ ಬೇಡದಲ್ಲಿ ಬೇಡವೆಂಬುದು ಇರಲೇ ಇಲ್ಲ. ಅವರು ಬರುವ ದಿನ ನಾನು ಎದ್ದು, ತಲೆ ಬಾಚಿ, ಸೀರೆ ಉಟ್ಟು ಕಾಯುತ್ತಿದ್ದೆ.

ಯುವಕ ಸಂಘದವರು ಆ ನಾಲ್ವರಿಗೆ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದರು. ಒಬ್ಬರು ಮುಕ್ಕಾಲು ಗಂಟೆ ನನ್ನ ಬಗ್ಗೆ ಮಾತಾಡಿದರು. ವೇದಿಕೆಗೆ ಮೆಟ್ಟಿಲಿತ್ತು, ಹೊರುವವರೆಲ್ಲ ಮೇಲೆ ಸನ್ಮಾನಕ್ಕೆ ಕೂತಿದ್ದರು, ಹಾಗಾಗಿ ನಾನು ಕೆಳಗೆ ಚಪ್ಪಲಿ ಬಿಟ್ಟ ಜಾಗದ ಹತ್ತಿರ ಕೂತು ಚಪ್ಪಾಳೆ ತಟ್ಟಿದೆ. ನನಗೂ ಒಂದು ಶಾಲು ಕೊಟ್ಟರು ಅನ್ನಿ. ಬೇಡ ಎಂದೆ, ಕೊಟ್ಟರು.

ಮೂವತ್ತೈದು ತುಂಬಿದವರ ಹೆಸರನ್ನು ಕಚೇರಿ ಕೂಗುವುದಿಲ್ಲ. ನನಗೆ ಮೂವತ್ತೈದು ತುಂಬುವ ವರ್ಷವೇ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಹೇಳುತ್ತಿದ್ದ ಶೇಷಗಿರಿರಾಯರು ನಿವೃತ್ತರಾದರು. ಅವರ ಕೋಣೆ ನೆಲಮಟ್ಟದಲ್ಲಿದೆ, ನಾನು ಎಷ್ಟೋ ಸಲ ಹಲಗೆ ನೂಕಿಕೊಂಡು ಒಳಗೇ ಹೋಗಿ ಕೂತು ಅವರು ಕೂಗುವುದನ್ನು ಕೇಳಿದ್ದೆ. ಹೋಗುವ ಮುಂಚೆ ರಾಯರು ನನ್ನನ್ನು ಕರೆಸಿ, ಇದು ಕೂತು ಮಾಡುವ ಕೆಲಸ, ಸರದಿಯಲ್ಲಿ ನಿನ್ನ ಹೆಸರೇ ಮೊದಲು ಇದೆ, ವಿಚಾರಿಸಿದ್ದೇನೆ, ಬರುವ ಸೋಮವಾರ ಕೂಗುತ್ತಾರೆ ಎಂದರು. ಅದು ನನ್ನ ಕೊನೆಯ ಸೋಮವಾರ. ಅದೇ ತಿಂಗಳು ನನಗೆ ವಯಸ್ಸು ಮೀರುತ್ತಿತ್ತು.

ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದು ಹೇಳಲು ನಾಚಿಕೆಯಿಲ್ಲ. ಸಂಬಳಕ್ಕಿಂತ ಹೆಚ್ಚಾಗಿ, ನಾನು ಕೂಗಿದರೆ ಜನ ಎದ್ದು ನಿಲ್ಲುತ್ತಾರಲ್ಲ, ಗಂಟು ಮೂಟೆ ಎತ್ತಿಕೊಂಡು ನಾನು ಹೇಳಿದ ಕಡೆಗೆ ಹೋಗುತ್ತಾರಲ್ಲ, ಅದು ಬೇಕಿತ್ತು. ಸಂಜೆ ಹಿತ್ತಲಲ್ಲಿ ಕೂತು ಊರುಗಳ ಹೆಸರು ಕೂಗಿ ಅಭ್ಯಾಸ ಮಾಡಿದೆ. ಕಂಬದಮಾಳ, ಹೊಂಗೆಮರದ ಗೇಟು, ನೀರಗಂಟಿಪುರ, ಮೂಗುತಿಹಳ್ಳ. ನಾನು ಒಂದನ್ನೂ ನೋಡಿದವಳಲ್ಲ. ಪಕ್ಕದ ಮನೆಯವರು ಬಸ್ಸು ಬಂತೇನೋ ಎಂದು ತಮಾಷೆ ಮಾಡುತ್ತಿದ್ದರು. ಅವ್ವ ಮಾತ್ರ ತಮಾಷೆ ಮಾಡದೆ ಹುಣಸೆ ಬಿಡಿಸುತ್ತ ಕೇಳುತ್ತಿದ್ದಳು.

ಆ ಸೋಮವಾರ ನಸುಕಿನಲ್ಲಿ ನನಗೆ ಎಚ್ಚರವಾದದ್ದು ಪಾತ್ರೆಗಳ ಸದ್ದಿಗೆ. ಗೂಡಿನಲ್ಲಿದ್ದ ಹಿತ್ತಾಳೆ ಚೊಂಬು ಗೋಡೆಗೆ ತಾಗಿ ಕಟಕಟ ಅನ್ನುತ್ತಿತ್ತು. ನಾನು ನೆಲದ ಮೇಲೆ ಮಲಗುವವಳು. ಕಚೇರಿ ಊರಿನಲ್ಲಿ ಎಲ್ಲಿ ಓಡಾಡಿದರೂ ಚಾಪೆಯಡಿಯಲ್ಲಿ ಸಣ್ಣಗೆ ಅದುರುತ್ತದೆ, ಆದರೆ ಇಷ್ಟು ಗಟ್ಟಿಯಾಗಿ ಯಾವತ್ತೂ ಅದುರಿರಲಿಲ್ಲ. ಅದು ಹತ್ತಿರದಲ್ಲೇ ಎಲ್ಲೋ ಸುತ್ತುತ್ತಿತ್ತು. ಒಂದು ಸಲ ದೂರವಾಯಿತು, ಮತ್ತೆ ಬಂತು. ಬೀದಿಯಲ್ಲಿ ಚರಂಡಿ ಪೈಪಿಗೆಂದು ಅಗೆದು ಮುಚ್ಚಿದ್ದ ಮಣ್ಣು ಇನ್ನೂ ಮೆತ್ತಗಿತ್ತು. ಆ ಮಣ್ಣಿನ ಮೇಲೆ ಭಾರ ಬಿದ್ದು ಕುಸಿಯುವ ಸದ್ದನ್ನು ಕೇಳಿದಂತಾಯಿತು.

ಅಷ್ಟರಲ್ಲಿ ಕುರ್ಚಿ ಬಂತು. ಕಚೇರಿ ಸೇತುವೆ ದಾಟಿ ಇಟ್ಟಿಗೆಗೂಡಿನ ಕಡೆ ಹೋಗುತ್ತಿದೆಯೆಂದು ಪುಟ್ಟಮಾದ ಸುದ್ದಿ ತಂದಿದ್ದನಂತೆ. ಈಗ ಹೊರಟರೆ ಬಾಗಿಲು ತೆಗೆಯುವ ಮುಂಚೆ ಅಲ್ಲಿರುತ್ತೇವೆ ಎಂದು ಉಗ್ರಪ್ಪ ಆಗಲೇ ತೋಳು ಮಡಚಿದ್ದ. ನಾನು ಬಾಗಿಲಿಗೆ ಅಡ್ಡ ಕೂತೆ.

“ಇವತ್ತು ಬ್ಯಾಡ ಉಗ್ರಣ್ಣ. ಅದು ಇಲ್ಲೇ ಎಲ್ಲೋ ಅದೆ. ಕಾಗೆ ಕೂಗಲಿ, ತಡೀರಿ.”

ಉಗ್ರಪ್ಪ ನಕ್ಕ. “ನೀನು ಯಾವತ್ತು ಬೇಕು ಅಂದಿದ್ದೀಯ ಹೇಳವ್ವ.”

ಉಪಚಾರದ ಮಾತಲ್ಲ, ನಿಜವಾಗಿ ಬೇಡ ಎಂದೆ. ಹಿಂದೆ ನಿಂತಿದ್ದ ಅಣ್ಣತಮ್ಮಂದಿರು ಇದನ್ನೂ ಉಪಚಾರವೆಂದೇ ತಿಳಿದು ನಕ್ಕರು. ಖಾಸಿಂ ಸಾಬರು, ನಮಗೇನೂ ತೊಂದರೆಯಿಲ್ಲ ತಾಯಿ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಅವ್ವನೂ, ಕೊನೆಯ ದಿನ ಕಣೆ, ಅವರನ್ನು ಕಾಯಿಸಬೇಡ ಎಂದು ನನ್ನ ಸೆರಗು ಸರಿ ಮಾಡಿದಳು. ಎಲೆಯ ಮೇಲೆ ಅಡ್ಡ ಮಲಗುವ ಹಾಗೆ ಹೊಸ್ತಿಲ ಮೇಲೆ ಅಡ್ಡ ಮಲಗಬೇಕಿತ್ತೋ ಏನೋ. ಅಷ್ಟರಲ್ಲಿ ನಾಲ್ಕು ಜೊತೆ ಕೈಗಳು ನನ್ನನ್ನು ಎತ್ತಿಯಾಗಿತ್ತು. ಹಲಗೆಯನ್ನು ನನ್ನ ತೊಡೆಯ ಮೇಲಿಟ್ಟರು. ಸೇತುವೆಯವರೆಗೂ ನಾನು ಇಳಿಸಿ, ಇಳಿಸಿ ಎನ್ನುತ್ತಲೇ ಇದ್ದೆ. ನನ್ನ ದನಿ ಎಂಥದ್ದೆಂದು ಆಗಲೇ ಹೇಳಿದ್ದೇನೆ. ಆದರೂ ಕೆಳಗಿದ್ದ ನಾಲ್ವರಿಗೆ ಅದು ಕೇಳಲಿಲ್ಲ. ಆಮೇಲೆ ಸುಮ್ಮನಾದೆ. ಹೊತ್ತವರ ಹೆಗಲ ಮೇಲೆ ಕೂತು ಎಷ್ಟು ಅಂತ ಜಗಳವಾಡುವುದು?

ಸೇತುವೆ ದಾಟುವಾಗ ಕಾಗೆ ಕೂಗಿತು. ಹಿಂದೆ ನಮ್ಮ ಬೀದಿಯ ಕಡೆಯಿಂದ ಭಾರವಾದ ವಸ್ತುವೊಂದು ಕೂತ ಸದ್ದು ಬಂತು. ಮಿಲ್ಲಿನ ಸದ್ದು ಇರಬೇಕು ಎಂದ ಅಣ್ಣತಮ್ಮಂದಿರಲ್ಲಿ ಒಬ್ಬ.

ಇಟ್ಟಿಗೆಗೂಡಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಕಚೇರಿ ಅಲ್ಲಿಯವರೆಗೆ ಬಂದು ತಿರುಗಿ ಹೋದ ಗುರುತು ಮಾತ್ರ ಕೆಂಪು ಮಣ್ಣಿನಲ್ಲಿತ್ತು. ಮುಂದೆ ತೋಪಿನಲ್ಲಿ ಇರಬಹುದೆಂದು ಅಲ್ಲಿಗೂ ಹೋದೆವು. ತೋಪಿನಾಚೆಯ ದಿಣ್ಣೆ ಹತ್ತಿ ನೋಡಿದೆವು. ಬಿಸಿಲು ಏರಿತು. ಕೊನೆಗೆ ಮೊಸರು ಮಾರಿ ವಾಪಸು ಬರುತ್ತಿದ್ದ ಹೆಂಗಸೊಬ್ಬಳು ಸಿಕ್ಕಳು. ಕಚೇರಿ ಎಲ್ಲಂತೆ ಎಂದು ಉಗ್ರಪ್ಪ ಕೇಳಿದ. ಅವಳು ನಮ್ಮ ಕುರ್ಚಿಯನ್ನೂ ನನ್ನನ್ನೂ ನೋಡಿದಳು. “ಹಗ್ಗದ ಬೀದೀಲಿ ಕೂತದಲ್ಲಪ್ಪ. ನೀವು ಯಾವೂರೋರು?” ಎಂದಳು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುವ ಗಾದೆ ಆ ಕ್ಷಣದಲ್ಲಿ ಐವರಿಗೂ ನೆನಪಾಗಿರಬೇಕು. ಉಗ್ರಪ್ಪ ತಿರುಗಿ ನನ್ನ ಮುಖ ನೋಡಲಿಲ್ಲ. ಓಡಲು ಶುರುಮಾಡಿದರು. ಕುರ್ಚಿ ಎತ್ತೆತ್ತಲೋ ವಾಲುತ್ತಿತ್ತು. ಖಾಸಿಂ ಸಾಬರ ಹೆಗಲು ಸುಲಿದು ಅಂಗಿಯ ಮೇಲೆ ರಕ್ತ ಕಂಡಿತು. ಅವರಿಗೆ ನನ್ನಪ್ಪನ ವಯಸ್ಸು. ಒಂದು ಕಡೆ ಇಳಿಸಿ ಉಸಿರು ತೆಗೆದುಕೊಳ್ಳಿ ಎಂದೆ. ಅದನ್ನೂ ಕೇಳಲಿಲ್ಲ. ಸೇತುವೆಯ ಮೇಲೆ ಇಡೀ ಊರು ನಮ್ಮ ಬೀದಿಯ ಕಡೆಗೇ ಹೊರಟಿತ್ತು, ಗಾಡಿ, ಸೈಕಲ್ಲು, ಪುಟ್ಟಮಾದನ ಟೀ ಅಂಗಡಿ, ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ದಾರಿ ಬಿಡಿ, ಇವಳ ಕೂಗು ಅದೆ ಇವತ್ತು ಎಂದು ಉಗ್ರಪ್ಪ ಬೇಡಿಕೊಂಡ. ನಮ್ಮದೂ ಅದೆ ಎಂದರು ಜನ. ಅವರು ಹೇಳಿದ್ದೂ ಸುಳ್ಳಲ್ಲ.

ಬೀದಿಗೆ ಬಂದಾಗ ಬಿಸಿಲು ಆ ಕಡೆಯ ಗೋಡೆಗೆ ಹೋಗಿತ್ತು. ಜನ ಚದುರುತ್ತಿದ್ದರು. ನಮ್ಮನ್ನು ಕಂಡು ಎರಡು ಬದಿಗೆ ಸರಿದು ನಿಂತರು. ಕಚೇರಿ ನಮ್ಮ ಮನೆಯ ಎದುರಿಗೇ ಕೂತಿತ್ತು. ಅದರ ಬಾಗಿಲು ನಮ್ಮ ಬಾಗಿಲಿಗೆ ಮುಖ ಮಾಡಿತ್ತು. ಪೈಪಿಗೆ ಅಗೆದ ಮೆತ್ತನೆ ಮಣ್ಣಿನಲ್ಲಿ ಹೂತು, ಮೆಟ್ಟಿಲುಗಳೆಲ್ಲ ನೆಲದೊಳಗೆ ಇಳಿದುಹೋಗಿದ್ದವು. ಹೊಸ್ತಿಲು ಬೀದಿಯ ಮಟ್ಟಕ್ಕೆ ಬಂದು ನಿಂತಿತ್ತು, ಬಳಿದು ರಂಗೋಲಿ ಹಾಕಬಹುದಿತ್ತು.

ಇಳಿಸಿ ಎಂದೆ. ಆಗ ಇಳಿಸಿದರು.

ಹಲಗೆಯ ಮೇಲೆ ಕೂತು ಕೈ ಊರಿ ನೂಕಿದೆ. ಬೇರಿಂಗುಗಳು ಎಲ್ಲೂ ತಡೆಯದೆ ಉರುಳಿದವು. ನನ್ನ ಜೀವಮಾನದಲ್ಲಿ ಆ ಕಚೇರಿಯ ಬಾಗಿಲಿಗೆ ಯಾರೂ ಎತ್ತದೆ, ಯಾರೂ ಹಿಡಿಯದೆ, ನಾನೇ ಹೋದದ್ದು ಅದೊಂದೇ ಸಲ. ಅಷ್ಟು ಸುಲಭವಾಗಿತ್ತು. ಹೋಗಿ ಬಾಗಿಲಿಗೆ ಅಂಗೈ ಇಟ್ಟೆ. ಬಾಗಿಲು ಹಾಕಿತ್ತು.

ನಾವಿಲ್ಲದಾಗ ನಡೆದದ್ದನ್ನು ಅವ್ವ ಆಮೇಲೆ ಹೇಳಿದಳು, ತುಂಡು ತುಂಡಾಗಿ, ಎರಡು ಮೂರು ದಿನ ತೆಗೆದುಕೊಂಡು. ನಾವು ಆ ಕಡೆ ತಿರುಗಿದ ಮೇಲೆ ಕಚೇರಿ ಬೀದಿಯ ಈ ತುದಿಯಿಂದ ಬಂತಂತೆ. ಬಂದು, ನಮ್ಮ ಬಾಗಿಲ ಮುಂದೆ ನಿಂತು, ಸ್ವಲ್ಪ ಹೊತ್ತು ಕೂರದೆ ಹಾಗೇ ಇತ್ತಂತೆ. ಕಾಗೆ ಕೂಗಿದ ಮೇಲೆ ಕೂತಿತು. ಅವ್ವ ಬರಿಗಾಲಲ್ಲಿ ಸೇತುವೆಯವರೆಗೆ ಓಡಿ ಬಂದಿದ್ದಳು, ನಾವು ಆಗಲೇ ದಾಟಿದ್ದೆವು. ಮನೆಗೆ ಬಂದು, ಎದುರಿನ ಕಚೇರಿಯೊಳಗೆ ಹೋಗಿ ಬೆಂಚಿನ ತುದಿಯಲ್ಲಿ ನನ್ನ ಜಾಗ ಹಿಡಿದು ಕೂತಳು. ಮಗಳು ಬರುತ್ತಾಳೆ, ಕೂಗನ್ನು ತಡ ಮಾಡಿ ಎಂದು ಗುಮಾಸ್ತರಿಗೆ ಕೈ ಮುಗಿದಳು. ಅವರು ಮೈಕಿನ ಕೆಲಸವನ್ನು ಎಲ್ಲದಕ್ಕಿಂತ ಕೊನೆಗೆ ಇಟ್ಟುಕೊಂಡರು. ಅದಕ್ಕಿಂತ ಹೆಚ್ಚಿಗೆ ಅವರ ಕೈಯಲ್ಲೂ ಇರಲಿಲ್ಲ.

ಗುಮಾಸ್ತರು ಬಾಗಿಲಿಗೆ ಬಂದು ಚಂದ್ರಮತಿ ಎಂದು ಕೂಗಿದರು. ಎದುರಿಗೆ ನಮ್ಮ ಮನೆ ಬಾಗಿಲು ತೆಗೆದೇ ಇತ್ತು. ನನ್ನ ಹೆಸರು ನಮ್ಮ ಮನೆಯೊಳಗೆ ಹೋಯಿತು. ನನ್ನ ಚಾಪೆ ಇನ್ನೂ ಸುತ್ತಿರಲಿಲ್ಲ, ಬಾಚಣಿಗೆ ನೆಲದ ಮೇಲಿತ್ತು. ಎರಡನೇ ಸಲ ಕೂಗಿದರು. ‘ಆಗ ನನ್ನ ಬಾಯಿಗೇ ಓ ಬಂದಿತ್ತು, ನಿನ್ನ ದನಿ ನನಗೆ ಬರುತ್ತದಾ ಎಂದು ನುಂಗಿಕೊಂಡೆ’ ಎಂದಳು ಅವ್ವ. ಗುಮಾಸ್ತರು ಮೂರನೇ ಸಲ ಕೂಗುವ ಮುಂಚೆ ಕನ್ನಡಕ ತೆಗೆದು ಅವ್ವನನ್ನು ಕೇಳಿದರಂತೆ, ಮನೆ ಇಲ್ಲೇ ಇದೆಯಲ್ಲಮ್ಮ, ಎಲ್ಲಿ ಹೋದಳು ನಿನ್ನ ಮಗಳು?

“ನಿಮ್ಮನ್ನೇ ಹುಡುಕ್ಕೊಂಡು ಹೋಗವ್ಳೆ ಸ್ವಾಮಿ,” ಎಂದಳಂತೆ ಅವ್ವ.

ಮೂರನೇ ಸಲ ಮೆಲ್ಲಗೆ ಕೂಗಿದರು. ಆಮೇಲೆ ಮುಂದಿನ ಹೆಸರು. ಅದು ನಟೇಶನದು, ಉಗ್ರಪ್ಪನ ಮಗ. ಹೊತ್ತು ನೆತ್ತಿಗೆ ಬಂದ ಮೇಲೆ ಏಳುವ ಹುಡುಗ, ಕೆಲಸ ಬೇಕೆಂದು ಒಂದು ದಿನವೂ ಕಚೇರಿ ಹುಡುಕಿದವನಲ್ಲ. ಅಪ್ಪನ ಬಲವಂತಕ್ಕೆ ಯಾವಾಗಲೋ ಹೆಸರು ಬರೆಸಿದ್ದ. ಮಧ್ಯಾಹ್ನ ಎದ್ದು ಹಲ್ಲುಜ್ಜುತ್ತ ಹೊರಗೆ ಬಂದವನು ಬೀದಿಯಲ್ಲೇ ಕಚೇರಿ ಇರುವುದನ್ನು ಕಂಡು, ನೋಡೋಣವೆಂದು ಒಳಗೆ ಬಂದು ನಿಂತಿದ್ದ. ಹೆಸರು ಕೂಗಿದಾಗ ಬಾಯಲ್ಲಿ ನೊರೆ ತುಂಬಿಕೊಂಡೇ ಓ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕರೆದರು, ಅವನು ಇದ್ದ.

ಉಗ್ರಪ್ಪನಿಗೆ ಆ ಸಂಜೆ ಇದು ತಿಳಿಯಿತು. ಕುರ್ಚಿಯ ಬಿದಿರನ್ನು ಹಿಡಿದುಕೊಂಡೇ ನಮ್ಮ ಜಗಲಿಯ ಮೇಲೆ ಕುಸಿದು ಕೂತ. “ನೀನು ಬ್ಯಾಡ ಅಂದೆ,” ಎಂದ. ಅಂದೆ ಎಂದೆ. ಮಗನಿಗೆ ಆ ಕೆಲಸ ಬಿಡಿಸುತ್ತೇನೆಂದು ಮರುದಿನ ಕಚೇರಿ ಹುಡುಕಿಕೊಂಡು ಹೋಗಿದ್ದನಂತೆ. ಬಿಟ್ಟರೂ ಅದು ನನಗೆ ಬರುವುದಿಲ್ಲ, ಮುಂದಿನ ಸೋಮವಾರ ಬೇರೆ ಯಾರಿಗೋ ಹೋಗುತ್ತದೆ, ಅಷ್ಟರಲ್ಲಿ ನನ್ನ ವಯಸ್ಸು ಮೀರಿರುತ್ತದೆ ಎಂದು ಅಲ್ಲಿಯವರು ಅವನಿಗೆ ಹೇಳಿ ಕಳಿಸಿದರು.

ಕಚೇರಿ ಕೂತಿದ್ದ ಜಾಗದಲ್ಲಿ ದೊಡ್ಡ ಗುಂಡಿ ಬಿದ್ದಿತ್ತು. ಮಳೆ ಬಂದು ತುಂಬಿತು, ಬಾತುಕೋಳಿ ಸಾಕುವವರು ಬಾತುಗಳನ್ನು ತಂದು ಬಿಟ್ಟರು. ಆಮೇಲೆ ಮುನಿಸಿಪಾಲಿಟಿಯವರು ಅದನ್ನು ಮುಚ್ಚುವಾಗ ಮಣ್ಣು ಹೆಚ್ಚಾಗಿ ನಮ್ಮ ಬಾಗಿಲ ಮುಂದೆ ಒಂದು ಏರು ಎದ್ದಿತು. ಈಗ ಮನೆಯಿಂದ ಹೊರಗೆ ಹೋಗುವುದಕ್ಕೂ ಯಾರಾದರೂ ಹಿಂದಿನಿಂದ ನೂಕಬೇಕು. ಕಚೇರಿ ಮತ್ತೆ ನಮ್ಮ ಬೀದಿಗೆ ಬಂದಿಲ್ಲ. ಗಟ್ಟಿ ನೆಲ ಕಂಡರೆ ಅದಕ್ಕೆ ಇಷ್ಟ ಎಂದು ಜನ ಹೇಳುತ್ತಾರೆ.

ನಟೇಶನಿಗೆ ಮೊದಲ ಸಂಬಳ ಬಂದ ದಿನ ಉಗ್ರಪ್ಪ ಪೇಡದ ಡಬ್ಬಿ ಹಿಡಿದು ಬೀದಿಯ ಮನೆಮನೆಗೆ ಹಂಚುತ್ತ ಬಂದ. ನಮ್ಮ ಮನೆಗೆ ಕೊನೆಯಲ್ಲಿ ಬಂದ. ಯಾವಾಗಲೂ ಸೀದಾ ಒಳಗೆ ನುಗ್ಗಿ, ಕೈಗೆ ತುರುಕಿ, ತಿನ್ನದಿದ್ದರೆ ಆಣೆ ಎನ್ನುವ ಮನುಷ್ಯ ಆ ದಿನ ಹೊಸ್ತಿಲಾಚೆಯೇ ನಿಂತ. ಡಬ್ಬಿಯ ಮುಚ್ಚಳ ತೆಗೆದು, ಕೈ ಮುಂದೆ ಮಾಡಿ, ಹಿಂದೆ ತೆಗೆದುಕೊಂಡ.

“ಕೊಡ್ಲಾ ಚಂದ್ರವ್ವ, ಬ್ಯಾಡ್ವಾ?” ಎಂದು ಕೇಳಿದ.

“ಬ್ಯಾಡ ಉಗ್ರಣ್ಣ,” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಇನ್ನೊಂದು ಸಲ ಕೇಳಲಿಲ್ಲ. ಮುಚ್ಚಳ ಹಾಕಿಕೊಂಡು, ಏರು ಹತ್ತಿ ನಿಧಾನವಾಗಿ ಹೋದ. ನಮ್ಮೂರಿನಲ್ಲಿ ಒಬ್ಬರು ನನ್ನ ಬೇಡವನ್ನು ಬೇಡವೆಂದೇ ನಂಬಿದ್ದು ಅದೇ ಮೊದಲು. ಅವನು ಬೀದಿ ತಿರುಗುವವರೆಗೂ ತಡೆದುಕೊಂಡಿದ್ದೆ, ಆಮೇಲೆ ಅತ್ತೆ. ಆ ಸೋಮವಾರದಿಂದ ಅಲ್ಲಿಯವರೆಗೆ ಅತ್ತಿರಲಿಲ್ಲ.

ಗಾಳಿ ಈ ಕಡೆ ಬೀಸಿದರೆ ಬಸ್ ಸ್ಟ್ಯಾಂಡಿನ ಮೈಕು ನಮ್ಮ ಹಿತ್ತಲಿಗೆ ಕೇಳಿಸುತ್ತದೆ. ನಟೇಶ ಆಕಳಿಸುತ್ತ ಕೂಗುತ್ತಾನೆ. ಕಂಬದಮಾಳ ಎನ್ನುತ್ತಾನೆ, ಹೊಂಗೆಮರದ ಗೇಟು ಎನ್ನುತ್ತಾನೆ, ಅಲ್ಲಿಂದ ಮೂಗುತಿಹಳ್ಳಕ್ಕೆ ಹಾರಿಬಿಡುತ್ತಾನೆ. ನಡುವಿನ ನೀರಗಂಟಿಪುರ ಅವನಿಗೆ ದಿನಾ ಮರೆತು ಹೋಗುತ್ತದೆ. ಆ ಊರಿನವರು ತಮ್ಮ ಬಸ್ಸು ಎದುರಿಗೇ ನಿಂತಿದ್ದರೂ ತಿಳಿಯದೆ ಗಂಟು ಮೂಟೆ ಇಟ್ಟುಕೊಂಡು ಕೂತಿರುತ್ತಾರೆ. ಅದನ್ನು ಕೇಳಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಹಿತ್ತಲಿನ ಗೋಡೆಯ ಹತ್ತಿರಕ್ಕೆ ಹಲಗೆ ನೂಕಿಕೊಂಡು ಹೋಗಿ, ಎದೆ ತುಂಬ ಉಸಿರು ತೆಗೆದುಕೊಂಡು ನೀರಗಂಟಿಪುರ ಎಂದು ಕೂಗುತ್ತೇನೆ. ಗಾಳಿ ತಿರುಗಿ ಆ ಕಡೆಗೆ ಬೀಸುವ ದಿನ ಯಾರೋ ನಾಲ್ಕು ಜನ ಎದ್ದು ಬಸ್ಸು ಹತ್ತುತ್ತಾರಂತೆ.